ಮುಟ್ಟಿಗೆ ಮೂಳೆ ಡಾಕ್ಟರು

ಪಳನಿಯಮ್ಮ ನನ್ನ ಓರಗಿತ್ತಿ. ಅಂದರೆ ನನ್ನ ಗಂಡನ ತಮ್ಮ ಪೊನ್ನುಸಾಮಿಯ ಹೆಂಡತಿ. ನೋಡಲು ಕಡ್ಡಿ. ನಕ್ಕರೆ ಮಾತ್ರ ಮೂರನೇ ಮನೆಗೆ ಕೇಳುತ್ತದೆ. ತಮಿಳುನಾಡಿನ ನಮ್ಮ ಊರು ಕರುಮತ್ತಂಪಟ್ಟಿಯಲ್ಲಿ ಪವರ್ ಲೂಮ್ ಓಡುವಾಗ ಎದುರಿಗಿದ್ದವರ ಮಾತೇ ಕೇಳಿಸುವುದಿಲ್ಲ, ಇವಳ ನಗು ಕೇಳಿಸುತ್ತದೆ. ಶೆಡ್ಡಿನಲ್ಲಿ ಅವಳ ಕೆಲಸ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವುದು. ಬೆಳಿಗ್ಗೆ ನಿಂತರೆ ಸಂಜೆ ಕೂರುವುದು.

ನಾನು ಕೊಳ್ಳೇಗಾಲದ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಐದನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಆ ಐದು ಕ್ಲಾಸಿನ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಜನ ಮನೆಯೊಳಗೆ ಕನ್ನಡ ಆಡುತ್ತಾರೆ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಒಬ್ಬರಿಗೂ ಬರುವುದಿಲ್ಲ. ಆದ್ದರಿಂದ ಯಾರ ಬಗ್ಗೆ ಏನು ಬೇಕಾದರೂ ಧೈರ್ಯವಾಗಿ ಬರೆಯಬಹುದು.

ಮೊದಲು ಅತ್ತೆಯ ಬಗ್ಗೆ. ನಮ್ಮ ಅತ್ತೆ ಜಾನಕಿಯಮ್ಮ. ಮಾವ ಇದ್ದ ಕಾಲಕ್ಕೆ ಮನೆಯ ಹಿಂದೆ ನಮ್ಮದೇ ಎಂಟು ಮಗ್ಗ ಓಡುತ್ತಿದ್ದವು. ಈಗ ಆ ಜಾಗದಲ್ಲಿ ನುಗ್ಗೆಮರ ಇದೆ. ಮಗ್ಗಗಳನ್ನು ಹಳೆ ಕಬ್ಬಿಣದವನು ತೂಕಕ್ಕೆ ಹಾಕಿಕೊಂಡು ಹೋದ. ಅಣ್ಣ ತಮ್ಮ ಇಬ್ಬರೂ ಬೇರೆಯವರ ಶೆಡ್ಡಿಗೆ ಕೂಲಿಗೆ ಹೋದರು. ಅತ್ತೆಯ ಮರ್ಯಾದೆಯನ್ನು ಮಾತ್ರ ಹಳೆ ಕಬ್ಬಿಣದವನು ಕೇಳಲಿಲ್ಲ. ಅದು ಹಾಗೇ ಮನೆಯಲ್ಲಿ ಉಳಿಯಿತು.

ಅತ್ತೆಯ ಬಾಯಲ್ಲಿ ಸರ್ಕಾರಿ ಆಸ್ಪತ್ರೆಗೆ ಧರ್ಮಾಸ್ಪತ್ರೆ ಎಂದು ಹೆಸರು. ಧರ್ಮಕ್ಕೆ ಕೊಡುವುದನ್ನು ಎಂಟು ಮಗ್ಗದ ಮನೆಯವರು ಕೈ ಚಾಚಿ ತೆಗೆದುಕೊಳ್ಳಬಾರದು. ಕೋವೈಯ, ಅಂದರೆ ಕೊಯಮತ್ತೂರಿನ, ದೊಡ್ಡ ಪ್ರೈವೇಟ್ ಆಸ್ಪತ್ರೆಗೆ ಹೋಗಬಹುದು, ಆದರೆ ಅದಕ್ಕೆ ಮಗ್ಗ ಇರಬೇಕಿತ್ತು. ಹೀಗಾಗಿ ಒಂದಕ್ಕೆ ಮರ್ಯಾದೆ ಬಿಡಲಿಲ್ಲ, ಇನ್ನೊಂದಕ್ಕೆ ಸಂಬಳ ಬಿಡಲಿಲ್ಲ. ನಮಗೆ ಉಳಿದಿದ್ದು ಬಸ್ ಸ್ಟಾಪಿನ ಮೆಡಿಕಲ್ ಶಾಪು. ಜ್ವರಕ್ಕೂ ಅಲ್ಲೇ, ಭೇದಿಗೂ ಅಲ್ಲೇ. ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತದ್ದು ಸೊಸೆಯೋ ಕಂಬವೋ ಎಂದು ಮಾತಾಡಿಸಿ ತಿಳಿಯುವ ಹಾಗಾಗಿತ್ತು. ಅದಕ್ಕೂ ಮೆಡಿಕಲ್ ಶಾಪಿನ ಡ್ರಾಪ್ಸ್.

ನಮ್ಮ ನೆಂಟರೂ ಹಾಗೇ. ಮನೆಯಲ್ಲಿ ಯಾರಾದರೂ ಮಲಗಿದರೆ ಏನಾಯಿತು ಎಂದು ಮೊದಲು ಕೇಳುವುದಿಲ್ಲ. ಯಾವ ಆಸ್ಪತ್ರೆ ಎಂದು ಕೇಳುತ್ತಾರೆ.

ನಮ್ಮವರೂ, ಅಂದರೆ ನನ್ನ ಗಂಡ, ಎದೆ ಉರಿ ಎಂದು ಮೆಡಿಕಲ್ ಶಾಪಿನ ಮಾತ್ರೆಯನ್ನೇ ತಿನ್ನುತ್ತಿದ್ದರು. ಅದು ಎದೆ ಉರಿ ಆಗಿರಲಿಲ್ಲ. ಹೋದ ವರ್ಷ ಹೋದರು. ಅಷ್ಟೇ.

ಇನ್ನು ಪಳನಿಯಮ್ಮನ ವಿಷಯ. ಅವಳಿಗೆ ಇದ್ದಕ್ಕಿದ್ದ ಹಾಗೆ ಕಪ್ಪು, ಕಂದು, ಗಾಢ ಕೆಂಪು ಬಣ್ಣದ ಸೀರೆಗಳ ಮೇಲೆ ಪ್ರೀತಿ ಬಂತು. ಹಳದಿ, ತಿಳಿನೀಲಿ ಸೀರೆಗಳೆಲ್ಲ ಪೆಟ್ಟಿಗೆ ಸೇರಿದವು. ಜೊತೆಗೆ ಅಕ್ಕಿ ತಿನ್ನುವ ಚಟ. ಬೇಯಿಸಿದ್ದಲ್ಲ, ಹಸಿ ಅಕ್ಕಿ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಶೆಡ್ಡಿಗೆ ಹೋಗುತ್ತಿದ್ದಳು. ಕೋಳಿಗೆ ಹಾಕಿದ ಹಾಗೆ ಒಂದೊಂದೇ ಹಿಡಿ ಬಾಯಿಗೆ ಹಾಕುತ್ತಿದ್ದಳು. ಮೊಟ್ಟೆ ಯಾವಾಗ ಇಡುತ್ತೀ ಎಂದು ನಾನು ಕೇಳಿದೆ. ಅವಳು ನಕ್ಕಳು. ಮೂರನೇ ಮನೆಗೆ ಕೇಳಲಿಲ್ಲ. ಪಕ್ಕದ ಮನೆಗೂ ಕೇಳಲಿಲ್ಲ.

ಆಗ ನನಗೆ ಅನುಮಾನ ಬಂತು.

ನಮ್ಮಿಬ್ಬರಿಗೂ ಬಟ್ಟೆ ಒಗೆಯುವ ಕಲ್ಲು ಒಂದೇ. ಅವಳು ಎಲ್ಲರಿಗಿಂತ ಮೊದಲು ಎದ್ದು ಕದ್ದು ಒಗೆಯುತ್ತಿದ್ದಳು. ಒಂದು ದಿನ ನಾನು ಅವಳಿಗಿಂತ ಮೊದಲು ಹೋಗಿ ಕಲ್ಲಿನ ಮೇಲೆ ಕೂತೆ. ಬಕೆಟ್ ಕೆಳಗಿಡದೆ ನಿಂತಳು. ಎಷ್ಟು ದಿನದಿಂದ ಎಂದೆ. ಆಡಿ ತಿಂಗಳಿಂದ ಎಂದಳು, ಅಂದರೆ ಆಷಾಢದಿಂದ. ಆಗ ಪೊಂಗಲ್ ಕಳೆದಿತ್ತು. ಮುಟ್ಟು ಬಂದರೆ ಹೋಗುವುದಿಲ್ಲ, ಹೋದರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ನಿಲ್ಲುವ ಮಾತ್ರೆ ತಂದು ನುಂಗುತ್ತಿದ್ದಳಂತೆ. ಮಾತ್ರೆ ಇರುವವರೆಗೆ ನಿಲ್ಲುತ್ತದೆ, ಮುಗಿದ ಮೇಲೆ ಬಡ್ಡಿ ಸೇರಿಸಿ ಬರುತ್ತದೆ.

ಶೆಡ್ಡಿನಲ್ಲಿ ಹೆಂಗಸರಿಗೆ ಇರುವುದು ಒಂದೇ ಪಾಯಿಖಾನೆ, ಅದಕ್ಕೂ ಅರ್ಧ ಬಾಗಿಲು. ಅಲ್ಲಿ ಹೇಗೆ ನಿಭಾಯಿಸುತ್ತೀ ಎಂದೆ. ನಿಂತೇ ಇರುತ್ತೇನಲ್ಲ, ಕೂತರೆ ತಾನೇ ಕಲೆಯ ಭಯ ಎಂದಳು.

ಅದರ ಮಾರನೇ ವಾರ ನೂಲು ಸುತ್ತುವ ಮೆಷಿನ್ನಿನ ಪಕ್ಕ ಕುಸಿದು ಕೂತಳು. ಸೀರೆಯ ಸೆರಗು ಮೆಷಿನ್ನಿಗೆ ಸಿಗಲು ಒಂದು ಗೇಣು ಇತ್ತಂತೆ. ನಾನು ಅದನ್ನು ಕೇಳಿದವಳೇ ಅಂದೆ, ಈ ಮನೆಗೆ ಒಂದು ಸಾವು ಸಾಕು. ನಾಳೆ ಧರ್ಮಾಸ್ಪತ್ರೆಗೆ ಹೋಗೋಣ.

“ಅತ್ತೆ?” ಎಂದಳು.

“ಅತ್ತೆಗೆ ಸುಳ್ಳು ಹೇಳೋಣ” ಎಂದೆ.

ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ಅವಳು ಶೆಡ್ಡಿಗೆ ರಜೆ ಹಾಕಬೇಕಾದರೆ ಮದುವೆ ಬೇಕು. ಕಾಯಿಲೆಗೆ ರಜೆ ಕೇಳಿದರೆ ಶೆಡ್ಡಿನ ಧಣಿ, ನಮ್ಮ ಬಾಯಲ್ಲಿ ಮೊದಲಾಳಿ, ಮುಖ ಗಂಟು ಹಾಕುತ್ತಾನೆ, ಮದುವೆಗೆ ಆದರೆ ಉಡುಗೊರೆ ಮೊಯ್ಯಿಗೆ ಎಂದು ಕೈಗೆ ನಾಲ್ಕು ಕಾಸೂ ಕೊಡುತ್ತಾನೆ. ಸರಿ, ವೆಳ್ಳಕೋಯಿಲಿನಲ್ಲಿ ದೂರದ ನೆಂಟರ ಮದುವೆ ಎಂದಾಯಿತು. ಆದರೆ ಗಂಡ ಸತ್ತು ವರ್ಷ ತುಂಬದ ನಾನು ಮದುವೆಗೆ ಹೋಗುವಂತಿಲ್ಲ. ನನಗೆ ಬೇರೆ ಸುಳ್ಳು ಬೇಕಾಯಿತು. ನಮ್ಮವರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಹೋಗುತ್ತೇನೆ ಎಂದೆ. ಅದನ್ನು ಮಾಡು ಮಾಡು ಎಂದು ಎಲ್ಲರೂ ಬಹಳ ದಿನದಿಂದ ಹೇಳುತ್ತಿದ್ದರು. ನಾನು ಮುಂದೂಡುತ್ತಿದ್ದೆ. ಈಗ ಒಳ್ಳೆಯ ಉಪಯೋಗಕ್ಕೆ ಬಂತು.

ಬೆಳಿಗ್ಗೆ ಪಳನಿಯಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಹೊರಟಳು. ಮದುವೆಗೆ ಹೊರಟವಳ ಎದುರಿಗೆ ನಾನು ಬರಬಾರದು ಎಂದು ಅತ್ತೆ ನನ್ನನ್ನು ಅಡುಗೆಮನೆಗೆ ಕಳಿಸಿದರು. ಹಿಂಬಾಗಿಲಿನಿಂದ ಹೋಗಿ ಬಸ್ ಸ್ಟಾಪಿನಲ್ಲಿ ಅವಳ ಎದುರಿಗೇ ನಿಂತೆ. ಅವಳು ನನ್ನನ್ನು ನೋಡಿ ಕೈ ಮುಗಿದಳು. ಇಬ್ಬರೂ ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು ಹತ್ತಿದೆವು. ರೇಷ್ಮೆ ಪಟ್ಟೆ ಸೀರೆಯ ಹೆಂಗಸು ಈ ಬಸ್ಸಿನಲ್ಲಿ ಯಾಕೆ ಎಂದು ಕಂಡಕ್ಟರ್ ಎರಡು ಸಲ ನೋಡಿದ.

ಯಾವ ಆಸ್ಪತ್ರೆ ಎಂದು ನಾನು ಹೆಸರು ಬರೆಯುವುದಿಲ್ಲ. ದೊಡ್ಡದು, ಸರ್ಕಾರದ್ದು.

ಚೀಟಿ ಬರೆಸುವ ಸಾಲಿನಲ್ಲಿ ಪಟ್ಟೆ ಸೀರೆಗೆ ಜಾಗ ಬಿಟ್ಟರು. ಯಾರೋ ಒಬ್ಬಳು ನೀವು ಡಾಕ್ಟರಮ್ಮನ ಅಕ್ಕನಾ ಎಂದಳು. ಪಳನಿಯಮ್ಮ ಇಲ್ಲ ಎನ್ನಲಿಲ್ಲ. ನಮ್ಮ ಸರದಿ ಬೇಗ ಬಂತು. ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ನಾನು ಚೀಲ ಹಿಡಿದು ಹೊರಗೆ ನಿಂತೆ. ಒಳಗೆ ಚಿಕ್ಕ ವಯಸ್ಸಿನ ಗಂಡು ಡಾಕ್ಟರು. ಇವಳು ನಾಚಿಕೆಯಲ್ಲಿ ಏನೂ ಹೇಳದೆ ವಾಪಸ್ ಬರುತ್ತಾಳೆ ಎಂದುಕೊಂಡೆ.

ನಗುತ್ತ ಬಂದಳು. ಚಿನ್ನದಂಥ ಡಾಕ್ಟರು ಎಂದಳು. ನನಗೆ ಮಾತಾಡುವ ಕಷ್ಟವನ್ನೇ ಕೊಡಲಿಲ್ಲ, ಎಲ್ಲ ಅವರೇ ತಿಳಿದು ಕೇಳಿದರು ಎಂದಳು. ಎಷ್ಟು ತಿಂಗಳಿಂದ ಎಂದರಂತೆ. ಎರಡಾ ಎಂದರಂತೆ. ಹೌದು ಸಾರ್, ಎರಡು ಎಂದಳಂತೆ, ತಿಂಗಳಿಗೆ ಎರಡು ಸಲ ಬರುತ್ತದಲ್ಲ. ನಿಂತು ಮಾಡುವ ಕೆಲಸವಾ ಎಂದರಂತೆ. ಮೆಟ್ಟಿಲು ಹತ್ತಿದರೆ ಕಷ್ಟವಾ ಎಂದರಂತೆ. ಎಲ್ಲಕ್ಕೂ ಹೌದು. ತಲೆ ಎತ್ತದೆ ಬರೆದು ಒಂದು ನಂಬರಿನ ರೂಮಿಗೆ ಹೋಗಲು ಹೇಳಿದರಂತೆ.

“ಓದಿದವರು ಓದಿದವರೇ ಅಕ್ಕಾ” ಎಂದಳು.

ಆ ನಂಬರನ್ನು ಹುಡುಕಿಕೊಂಡು ಹೋದೆವು. ಬಾಗಿಲ ಮೇಲೆ ಬೋರ್ಡಿತ್ತು. ನನಗೆ ತಮಿಳು ಓದಲು ಬರುವುದಿಲ್ಲ, ಅವಳು ನಂಬರು ಸರಿಯಾಗಿದೆ ಎಂದು ಬೋರ್ಡನ್ನು ನೋಡಲಿಲ್ಲ. ಹೊರಗೆ ಉದ್ದ ಬೆಂಚು. ಅದರಲ್ಲಿ ಅರ್ಧ ಜನ ಗಂಡಸರು. ಒಬ್ಬನ ಕಾಲಿಗೆ ಸಿಮೆಂಟಿನ ಕಟ್ಟು. ಒಬ್ಬ ಮುದುಕ ಕೋಲು ಹಿಡಿದಿದ್ದ. ಇದು ಸರಿಯಾದ ಜಾಗವಾ ಎಂದು ನಾನು ಪಳನಿಯಮ್ಮನ ಕಿವಿಯಲ್ಲಿ ಕೇಳಿದೆ. ಅವಳು ಬೆಂಚಿನ ಉದ್ದಕ್ಕೂ ನೋಡಿ, ಪಾವಂ, ಪಾಪದವರು, ಹೆಂಡತಿಯರ ಪರವಾಗಿ ಬಂದಿದ್ದಾರೆ ಎಂದಳು. ಕಾಲು ಮುರಿದಿದ್ದರೂ ಬಂದಿದ್ದಾರೆ, ಎಂಥ ಗಂಡಸರು ನೋಡು ಎಂದಳು. ನಮ್ಮ ಪೊನ್ನುಸಾಮಿ ಇವರಿಂದ ಕಲಿಯಬೇಕು ಎಂದಳು.

ಬೆಂಚಿನ ಕೊನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಣ್ಣ ಹೋದ ವಾಯಿಲ್ ಸೀರೆ, ತಲೆಯ ಮೇಲೆ ಸೆರಗು, ಮುಖಕ್ಕೆ ಮಾಸ್ಕು. ನಾವು ಕನ್ನಡದಲ್ಲಿ ಮಾತಾಡಿದಷ್ಟೂ ಅವಳು ಗೋಡೆಗೆ ಹತ್ತಿರವಾಗುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅದರಲ್ಲಿ ಹುಂಜ ಕೂಗುವ ಸದ್ದು.

ಶೆಡ್ಡಿನಲ್ಲಿ ಮಗ್ಗದ ಸದ್ದಿನ ನಡುವೆಯೂ ಕೇಳಲಿ ಎಂದು ಇಟ್ಟುಕೊಂಡ ಹುಂಜ ಅದು. ಯಾರದೆಂದು ಎಲ್ಲರಿಗೂ ಗೊತ್ತು. ಶೆಡ್ಡಿನ ಮೊದಲಾಳಿ ದೀನದಯಾಳನ್ ಹೆಂಡತಿ, ವಿಜಯಕುಮಾರಿ.

ಅವಳ ಬಗ್ಗೆ ಹೇಳಬೇಕು. ಅವರೂ ನಮ್ಮ ಜನವೇ, ಮನೆಮಾತು ನಮ್ಮದೇ. ಆದರೆ ಅವರ ಮಗ್ಗಗಳು ಇನ್ನೂ ಇವೆ. ಅವಳಿಗೆ ಕೆಮ್ಮು ಬಂದರೂ ಕಾರಿನಲ್ಲಿ ಕೋವೈಗೆ ಹೋಗುತ್ತಿದ್ದಳು. ವಾಪಸ್ ಬಂದು ಶೆಡ್ಡಿನ ಹೆಂಗಸರಿಗೆ ಆ ಆಸ್ಪತ್ರೆಯ ವರ್ಣನೆ. ಅಲ್ಲಿ ಲಿಫ್ಟ್ ಇದೆ. ಕಾಯುವ ಜಾಗದಲ್ಲಿ ಚಳಿ ಆಗುತ್ತದೆ. ಕಾಫಿ ಮೆಷಿನ್ ಇದೆ. ಅತ್ತೆಗೆ ಆಸ್ಪತ್ರೆ ಎಂದರೆ ವಿಜಯಕುಮಾರಿ ಹೋಗುವ ಆಸ್ಪತ್ರೆ.

ಪಳನಿಯಮ್ಮ ಎದ್ದು ನಿಂತಳು. ಮೊದಲಾಳಿಯ ಹೆಂಡತಿಯನ್ನು ಕಂಡರೆ ಎದ್ದು ನಿಲ್ಲುವುದು ಕಾಲಿಗೇ ಗೊತ್ತು.

“ಮೊದಲಾಳಿಯಮ್ಮಾ, ನೀವುಂಗಳಾ?” ಎಂದಳು. ದೊಡ್ಡವರ ಹತ್ತಿರ ಆಡುವಾಗ ಇಲ್ಲಿ ಮಾತಿನ ತುದಿಗೆ ಮರ್ಯಾದೆಗೆಂದು ತಮಿಳಿನ ‘ಂಗ’ ಅಂಟಿಕೊಳ್ಳುತ್ತದೆ.

ವಿಜಯಕುಮಾರಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. “ನಮ್ಮೋರು ಒಬ್ಬರನ್ನ ನೋಡೋಕೆ ಬಂದೆ.”

“ನಾವೂ ಅಷ್ಟೇಂಗ. ಮದುವೆಗೆ ಹೋಗ್ತಾ ಹಾಗೇ ನೋಡಿಕೊಂಡು ಹೋಗಾಣಾಂತ.”

ಇಬ್ಬರ ಕೈಯಲ್ಲೂ ಚೀಟಿ ಇತ್ತು. ಇಬ್ಬರೂ ಚೀಟಿಯನ್ನು ಸೆರಗಿನೊಳಗೆ ಸೇರಿಸಿದರು. ಒಬ್ಬಳು ಬಡವಿಯ ವೇಷದಲ್ಲಿದ್ದಳು, ಇನ್ನೊಬ್ಬಳು ಶ್ರೀಮಂತೆಯ ವೇಷದಲ್ಲಿ. ನಡುವೆ ನಾನು ನನ್ನ ವೇಷದಲ್ಲೇ ಕೂತಿದ್ದೆ. ಆಗ ನರ್ಸು ಬಾಗಿಲಿಗೆ ಬಂದು ವಿಜಯಕುಮಾರೀ ಎಂದು ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗಿದಳು. ಮೊದಲ ಸಲಕ್ಕೆ ಯಾರೂ ಏಳಲಿಲ್ಲ. ಎರಡನೇ ಸಲಕ್ಕೆ ವಿಜಯಕುಮಾರಿ ಗೋಡೆ ಹಿಡಿದುಕೊಂಡು ಎದ್ದಳು. ಮೊಣಕಾಲು ಮಡಿಸಲು ಬರುತ್ತಿರಲಿಲ್ಲ.

ಒಳಗೆ ಹೋಗಿ ಬಂದ ಮೇಲೆ ಅವಳೇ ನಮ್ಮ ಪಕ್ಕ ಕೂತಳು. ಮಗ್ಗ ಇವೆ, ಅರ್ಧ ನಿಂತಿವೆ ಎಂದಳು. ಕೋವೈಯಲ್ಲಿ ಮೊಣಕಾಲಿನ ಆಪರೇಷನ್ನಿಗೆ ಹೇಳಿದ ರೇಟು ಕೇಳಿ ಅಲ್ಲಿಂದ ಕುಂಟದೆ ಓಡಿಬಂದೆ ಎಂದಳು. ಮೊದಲಾಳಿಗೂ ಗೊತ್ತಿಲ್ಲ, ಕೋವೈಗೇ ಹೋಗುತ್ತಿದ್ದೇನೆ ಎಂದುಕೊಂಡಿದ್ದಾರೆ ಎಂದಳು. ಊರಲ್ಲಿ ಹೇಳಬೇಡಿ ಎಂದು ನಮ್ಮಿಬ್ಬರ ಕೈ ಹಿಡಿದಳು. ಆಮೇಲೆ ಪಳನಿಯಮ್ಮನ ಕಾಲು ನೋಡಿದಳು.

“ನಿನಗೂ ಮೊಣಕಾಲಾ?”

“ಇಲ್ಲೀಂಗ. ನನಗೆ ಮುಟ್ಟು.”

“ಮುಟ್ಟಿಗೆ ಮೂಳೆ ಡಾಕ್ಟರ ಹತ್ರ ಯಾಕೆ ಕೂತಿದೀಯ?”

“ಮೂಳೆ ಡಾಕ್ಟರಾ?” ಎಂದಳು ಪಳನಿಯಮ್ಮ. ಈಗ ತಲೆಯೆತ್ತಿ ಬೋರ್ಡು ಓದಿದಳು. ಮೆಲ್ಲಗೆ ಅಕ್ಷರ ಕೂಡಿಸಿ ಓದಿದಳು. ಬೆಂಚಿನ ಮೇಲಿದ್ದ ಒಳ್ಳೆಯ ಗಂಡಸರನ್ನು ಇನ್ನೊಂದು ಸಲ ನೋಡಿದಳು.

ಒಳಗೆ ಡಾಕ್ಟರಿಗೆ ಏನು ಹೇಳಿದೆ ಎಂದು ವಿಜಯಕುಮಾರಿ ಕೇಳಿದಳು. ಮುಟ್ಟು ಸರಿಯಿಲ್ಲ ಸಾರ್ ಎಂದೆ ಎಂದಳು ಪಳನಿಯಮ್ಮ.

ವಿಜಯಕುಮಾರಿ ಆ ಮಾತನ್ನು ತಮಿಳಿನಲ್ಲಿ ಒಂದು ಸಲ ಆಡಿ ನೋಡಿದಳು. ಆಮೇಲೆ ನಕ್ಕಳು ನೋಡಿ, ಮಾಸ್ಕು ಗಲ್ಲಕ್ಕೆ ಇಳಿಯಿತು. ತಮಿಳಿನಲ್ಲಿ ಮುಟ್ಟಿ ಎಂದರೆ ಮೊಣಕಾಲು. ಮೂಟ್ಟು ಎಂದರೆ ಕೀಲು. ಇವಳ ಮುಟ್ಟು ಆ ಎರಡರ ನಡುವೆ ಹೋಗಿ ಬಿದ್ದಿತ್ತು. ಎರಡಾ ಎಂದು ಡಾಕ್ಟರು ಕೇಳಿದ್ದು ಎರಡೂ ಕಾಲಾ ಎಂದು.

ತಮಿಳು ಪಳನಿಯಮ್ಮನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಬೈಯುವುದು, ಚೌಕಾಸಿ ಮಾಡುವುದು, ಲೆಕ್ಕ ಹಾಕುವುದು ಎಲ್ಲ ತಮಿಳಿನಲ್ಲೇ. ಆದರೆ ಈ ಒಂದು ವಿಷಯವನ್ನು ಅವಳು ಹುಟ್ಟಿದಾಗಿನಿಂದ ಹೊಸ್ತಿಲಿನ ಹೊರಗೆ ಆಡಿರಲಿಲ್ಲ. ಅದಕ್ಕೆ ಅವಳ ಹತ್ತಿರ ಇದ್ದದ್ದು ಮನೆಯ ಮಾತು ಒಂದೇ. ಅದನ್ನೇ ಕೊಟ್ಟುಬಿಟ್ಟಳು.

ಪಳನಿಯಮ್ಮನೂ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಬೆಂಚಿನ ಮೇಲೆ ವಾಲಿದಳು. ನಗು ಎಂದುಕೊಂಡೆ. ಮುಖ ಸುಣ್ಣದ ಹಾಗೆ ಆಗಿತ್ತು. ಕಣ್ಣು ಮೇಲಕ್ಕೆ ಹೋಗಿತ್ತು. ಕಾಲಿಗೆ ಸಿಮೆಂಟು ಹಾಕಿಕೊಂಡಿದ್ದವನೇ ಮೊದಲು ಎದ್ದು ಅವಳನ್ನು ಹಿಡಿದ. ಒಳ್ಳೆಯ ಗಂಡಸು ಎಂದು ಅವಳು ಹೇಳಿದ್ದು ಸುಳ್ಳಾಗಲಿಲ್ಲ.

ವಿಜಯಕುಮಾರಿ ಕುಂಟುತ್ತಲೇ ಮುಂದೆ ನಡೆದಳು, ಪಳನಿಯಮ್ಮನ ಗಾಲಿಕುರ್ಚಿ ತಳ್ಳಿಕೊಂಡು ನಾನು ಹಿಂದೆ. ಹೆಂಗಸರ ವಿಭಾಗ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೂ ಮೊದಲೇ ಬಂದಿದ್ದಳು ಎಂದು ಆಗ ತಿಳಿಯಿತು. ಅಲ್ಲಿಯ ಡಾಕ್ಟರಮ್ಮನಿಗೆ ತಮಿಳಿನಲ್ಲಿ ಎಲ್ಲವನ್ನೂ ಅವಳೇ ಬಿಡಿಸಿ ಹೇಳಿದಳು. ಡಾಕ್ಟರಮ್ಮ ಪಳನಿಯಮ್ಮನ ಕೆಳರೆಪ್ಪೆ ಎಳೆದು ನೋಡಿದರು. ಇಷ್ಟೇ ರಕ್ತದಲ್ಲಿ ಹೇಗಮ್ಮಾ ನಡೆಯುತ್ತೀಯ ಎಂದರು. ನಡೆಯುವುದಿಲ್ಲಮ್ಮ, ನಿಂತೇ ಇರುತ್ತೇನೆ ಎಂದಳು ಇವಳು. ಡಾಕ್ಟರಮ್ಮ ನಗಲಿಲ್ಲ, ಹಸಿ ಅಕ್ಕಿ ತಿನ್ನುತ್ತೀಯಾ, ಅದೂ ರಕ್ತ ಇಲ್ಲದ್ದಕ್ಕೇ ಎಂದರು. ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದಲ್ಲಿ ಗಡ್ಡೆ. ಸೇರಿಸಬೇಕು, ರಕ್ತ ಹಾಕಬೇಕು, ಆಮೇಲೆ ಆಪರೇಷನ್. ಇವತ್ತೇ ಸೇರಿ ಎಂದರು. ಇವಳು ಮನೆಯಲ್ಲಿ ಹೇಳದೆ ಆಗುವುದಿಲ್ಲ ಎಂದು ಹಟ ಹಿಡಿದಳು. ನಾಳೆ ಬೆಳಿಗ್ಗೆ ಬರದಿದ್ದರೆ ಇನ್ನೊಂದು ಸಲ ಬೀಳುವಾಗ ಏಳುವುದಿಲ್ಲ ಎಂದರು ಡಾಕ್ಟರಮ್ಮ. ಆ ಮಾತನ್ನು ನನ್ನ ಮುಖ ನೋಡಿ ಹೇಳಿದರು.

ಬಸ್ಸಿನಲ್ಲಿ ಪಳನಿಯಮ್ಮನಿಗೆ ಬೇರೆ ಚಿಂತೆ. ಮದುವೆಗೆ ಹೋದವರು ತಾಂಬೂಲದ ಚೀಲ ಇಲ್ಲದೆ ಮನೆಗೆ ಹೋಗುವುದು ಹೇಗೆ? ಇಳಿದು ಒಂದು ತೆಂಗಿನಕಾಯಿ, ಎಲೆ ಅಡಿಕೆ ತೆಗೆದುಕೊಂಡೆವು. ನನ್ನ ಹತ್ತಿರ ಹಳೆಯ ಮದುವೆಯೊಂದರ ಹಳದಿ ಚೀಲ ಇತ್ತು, ಊಟದ ಡಬ್ಬಿ ಹಾಕಿಕೊಂಡು ಬಂದಿದ್ದೆ. ಡಬ್ಬಿ ತೆಗೆದು ಕಾಯಿ ಹಾಕಿದೆವು. ಚೀಲದ ಮೇಲೆ ಗಂಡು ಹೆಣ್ಣಿನ ಹೆಸರು ಅಚ್ಚಾಗಿತ್ತು. ಅವರಿಗೆ ಈಗ ಇಬ್ಬರು ಮಕ್ಕಳು. ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬ ಧೈರ್ಯ.

ಅತ್ತೆ ಜಗಲಿಯಲ್ಲೇ ಕೂತಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ನೀರೇ ಇಲ್ಲ. ಯಾರೇ ಅದು ಇಷ್ಟು ಜುಗ್ಗರು?”

ಪೊನ್ನುಸಾಮಿ ಚೀಲ ತಿರುಗಿಸಿ ಓದಿದ. ಅವನಿಗೆ ತಮಿಳು ಓದಲು ಬರುತ್ತದೆ. ಇದು ನಮ್ಮ ಕಾರ್ತಿಯ ಮದುವೆ ಚೀಲ ಅಲ್ಲವಾ, ಅವನು ಇನ್ನೊಂದು ಮದುವೆ ಆದನಾ ಎಂದ.

ಪಳನಿಯಮ್ಮ ನನ್ನ ಮುಖ ನೋಡಿದಳು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಇದು ಮದುವೆಯ ಕಾಯಿ ಅಲ್ಲ, ಆಸ್ಪತ್ರೆಯ ಕಾಯಿ ಎಂದೆ. ಗಡ್ಡೆ, ರಕ್ತ, ಆಪರೇಷನ್, ನಾಳೆ ಬೆಳಿಗ್ಗೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಪೊನ್ನುಸಾಮಿ ಚೀಲ ಹಿಡಿದುಕೊಂಡೇ ನೆಲಕ್ಕೆ ಕೂತ. ಹೆಂಡತಿ ಹಸಿ ಅಕ್ಕಿ ತಿನ್ನುವುದನ್ನು ಅವನೂ ನೋಡಿದ್ದ, ಬಸುರಿ ಇರಬಹುದು ಎಂದು ಸುಮ್ಮನಿದ್ದನಂತೆ.

ಅತ್ತೆ ಕೇಳಿದ್ದು ಒಂದೇ ಮಾತು.

“ಯಾವ ಆಸ್ಪತ್ರೆ?”

ಹೇಳಿದೆ. ಅತ್ತೆ ಕಾಯಿಯನ್ನು ಪಕ್ಕಕ್ಕಿಟ್ಟರು. ಈ ಮನೆಯ ಸೊಸೆ ಧರ್ಮಾಸ್ಪತ್ರೆಯಲ್ಲಿ ಮಲಗಿದರೆ ನೆಂಟರು ಅಲ್ಲಿಗೇ ನೋಡಲು ಬರುತ್ತಾರೆ, ಅವರ ಮುಂದೆ ಪೊನ್ನುಸಾಮಿ ಹೇಗೆ ತಲೆ ಎತ್ತುತ್ತಾನೆ ಎಂದರು. ದೀಪಾವಳಿಗೆ ಬೋನಸ್ ಬರಲಿ, ಕೋವೈಗೆ ಕರೆದುಕೊಂಡು ಹೋಗೋಣ ಎಂದರು. ದೀಪಾವಳಿಗೆ ಇನ್ನೂ ಪೂರಾ ಬೇಸಿಗೆ, ಪೂರಾ ಮಳೆಗಾಲ ಇತ್ತು. ಅತ್ತೆ ಕೆಟ್ಟವರಲ್ಲ. ಪಳನಿಯಮ್ಮನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡೇ ಇದನ್ನೆಲ್ಲ ಹೇಳಿದರು. ಸೊಸೆ ಬೇಕು. ಮರ್ಯಾದೆಯೂ ಬೇಕು. ಎರಡೂ ಸಿಗುವುದು ದೀಪಾವಳಿಗೆ.

ಆಗ ನನ್ನ ಬಾಯಿಂದ ಬಂತು.

“ನಿಮ್ಮ ದೊಡ್ಡ ಮಗನನ್ನ ಧರ್ಮಾಸ್ಪತ್ರೆಯಲ್ಲಿ ಯಾರೂ ನೋಡ್ಲಿಲ್ಲ ಅತ್ತೆ. ಮರ್ಯಾದೆಯಾಗಿ ಮೆಡಿಕಲ್ ಶಾಪಿನ ಮುಂದೆ ಬಿದ್ದುಹೋದ್ರು.”

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. ನಾನು ಎಲ್ಲಿ ನಿಂತಿದ್ದೇನೆ ಎಂದು ಅವರಿಗೆ ಸರಿಯಾಗಿ ಕಾಣಿಸಲಿಲ್ಲ, ಕಂಬದ ಕಡೆ ನೋಡಿದರು. ಕಂಬಕ್ಕೇ ಹೇಳಿದರು, ನಮ್ಮಂಥವರು ಹೋಗುವ ಜಾಗವಾ ಅದು, ವಿಜಯಕುಮಾರಿ ಹೋಗುತ್ತಾಳಾ ಅಲ್ಲಿಗೆ? ಆದರೆ ಅವರ ದನಿಯಲ್ಲಿ ಮೊದಲಿನ ಬಲ ಇರಲಿಲ್ಲ.

“ಹೋಗ್ತಾಳೆ ಅತ್ತೆ” ಎಂದು ಗೇಟಿನ ಕಡೆಯಿಂದ ದನಿ ಬಂತು. “ಇವತ್ತೂ ಹೋಗಿದ್ದಳು.”

ವಿಜಯಕುಮಾರಿ ಗೇಟು ಹಿಡಿದು ನಿಂತಿದ್ದಳು. ಈಗ ಒಳ್ಳೆಯ ಸೀರೆ ಉಟ್ಟಿದ್ದಳು. ಕಾರು ಬೀದಿಯ ತುದಿಯಲ್ಲಿತ್ತು. ನಾವು ಬಾಯಿ ಬಿಟ್ಟೆವೋ ಇಲ್ಲವೋ ಎಂದು ತಿಳಿಯಲು ಬಂದಿದ್ದಳು, ಅದನ್ನು ಆಮೇಲೆ ತಾನೇ ಹೇಳಿದಳು. ಗೇಟಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾವು ಅವಳ ಹೆಸರೆತ್ತಿರಲಿಲ್ಲ. ಹಾಗೇ ತಿರುಗಿ ಹೋಗಿದ್ದರೆ ಅವಳ ಲಿಫ್ಟು, ಅವಳ ಕಾಫಿ ಮೆಷಿನ್ನು ಎಲ್ಲ ಊರಲ್ಲಿ ಹಾಗೇ ಉಳಿಯುತ್ತಿತ್ತು.

ಮೆಟ್ಟಿಲು ಹತ್ತಿ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅತ್ತೆಗೆ ಅವಳ ಮುಖ ಕಾಣಲಿಲ್ಲ. ಒಂದು ಕಾಲು ಎಳೆದು ಇನ್ನೊಂದು ಇಡುವ ಸದ್ದು ಕೇಳಿತು. ಅತ್ತೆಯ ಪಕ್ಕ ಕಾಲು ಚಾಚಿ ಕೂತು, ಆರು ತಿಂಗಳಿಂದ ನಾನು ಅಲ್ಲೇ ತೋರಿಸುವುದು ಎಂದಳು. ಅತ್ತೆ ಕೈ ಚಾಚಿ ಅವಳ ಮೊಣಕಾಲು ಮುಟ್ಟಿ ನೋಡಿದರು. ಬೆಲ್ಟ್ ಹಾಕಿತ್ತು. ಬೆಲ್ಟಿನ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು, ನೇಯುವ ಮನೆಯವರಲ್ಲವಾ.

“ಇದನ್ನೂ ಅವರೇ ಕೊಟ್ಟರಾ?”

“ಅವರೇ ಕೊಟ್ಟಿದ್ದು ಅತ್ತೆ.”

“ಗಟ್ಟಿ ಬಟ್ಟೆ” ಎಂದರು ಅತ್ತೆ. ಸ್ವಲ್ಪ ಹೊತ್ತು ಬೆಲ್ಟಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಆಮೇಲೆ ಕೇಳಿದರು, “ಕಣ್ಣಿಗೂ ನೋಡ್ತಾರಾ ಅಲ್ಲಿ?”

ಮಾರನೇ ಬೆಳಿಗ್ಗೆ ವಿಜಯಕುಮಾರಿಯ ಕಾರಿನಲ್ಲೇ ಹೋದೆವು. ಸರ್ಕಾರಿ ಆಸ್ಪತ್ರೆಯ ಮುಂದೆ ಕಾರಿನಿಂದ ಇಳಿಯುವಾಗ ಅವಳು ಮಾಸ್ಕು ಹಾಕಿಕೊಳ್ಳಲಿಲ್ಲ. ಪೊನ್ನುಸಾಮಿ ರಕ್ತ ಕೊಡಲು ಮಲಗಿದ, ಸೂಜಿ ಚುಚ್ಚುವ ಮೊದಲೇ ಕಣ್ಣು ಮುಚ್ಚಿ ಮುರುಗನನ್ನು ಕರೆದ. ಪಳನಿಯಮ್ಮನಿಗೆ ರಕ್ತ ಹಾಕಿ, ತುಟಿಗೆ ಬಣ್ಣ ಬಂದ ಮೇಲೆ ಆಪರೇಷನ್ ಮಾಡಿದರು. ಗಡ್ಡೆ ಕಿತ್ತಳೆಹಣ್ಣಿನಷ್ಟಿತ್ತಂತೆ. ನನ್ನದು ಯಾವಾಗಲೂ ದೊಡ್ಡದೇ ಎಂದಳು ಪಳನಿಯಮ್ಮ. ನೆಂಟರಿಗೆಲ್ಲ ಕೈ ಅಗಲಿಸಿ ತೋರಿಸುವಾಗ ಅದು ಮೆಲ್ಲಗೆ ತೆಂಗಿನಕಾಯಿ ಆಯಿತು.

ನೆಂಟರು ಬಂದರು. ಅತ್ತೆ ಹೆದರಿದ ಹಾಗೇ ಬಂದರು, ಹಾರ್ಲಿಕ್ಸ್ ಹಿಡಿದುಕೊಂಡು. ಅಷ್ಟು ಹೊತ್ತಿಗೆ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಸೊಸೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಯಾರಾದರೂ ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡುತ್ತಿದ್ದರು. ಇಲ್ಲಿ ಲಿಫ್ಟ್ ಇದೆ, ನೋಡಿದಿರಾ? ಮೆಟ್ಟಿಲು ಹತ್ತಿ ಬಂದಿರಾ, ಅಯ್ಯೋ. ಡಾಕ್ಟರಮ್ಮ ನಮ್ಮನ್ನು ಹೆಸರು ಹಿಡಿದೇ ಕರೆಯುವುದು. ಹೀಗೆ ಹೇಳಿ, ಕನ್ನಡಕದ ಮೇಲಿನಿಂದ ಬಂದವರ ಸೀರೆಯ ಅಂಚನ್ನು ನೋಡುತ್ತಿದ್ದರು. ಕಣ್ಣು ಬಂದದ್ದು ಮೊದಲು ಅದಕ್ಕೇ ಉಪಯೋಗವಾಯಿತು. ನನ್ನನ್ನೂ ನೋಡಿದರು. ಎಷ್ಟು ಇಳಿದುಹೋಗಿದ್ದೀಯೇ ಎಂದರು. ಅದೊಂದೇ ಮಾತು. ನಾನು ನೀರು ತರಲು ಹೋದೆ.

ಪಳನಿಯಮ್ಮ ಈಗ ಶೆಡ್ಡಿಗೆ ಹೋಗುತ್ತಿದ್ದಾಳೆ. ತಿಳಿನೀಲಿ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಅಕ್ಕಿಯನ್ನು ಬೇಯಿಸಿಯೇ ತಿನ್ನುತ್ತಾಳೆ. ಮೂಳೆ ಡಾಕ್ಟರ ಕಥೆಯನ್ನು ತಾನೇ ಎಲ್ಲರಿಗೂ ಹೇಳಿದಳು, ಬೆಂಚಿನ ಗಂಡಸರನ್ನು ಸೇರಿಸಿ ಹೇಳಿದಳು. ಅಂದಿನಿಂದ ಶೆಡ್ಡಿನ ಹೆಂಗಸರು ಮುಟ್ಟಿಗೆ ಮೊಣಕಾಲು ಎನ್ನುತ್ತಾರೆ. ಈಗ ಆ ಮಾತನ್ನು ಗಂಡಸರ ಮುಂದೆ, ಗಟ್ಟಿಯಾಗಿ, ತಮಿಳಿನಲ್ಲೇ ಆಡಬಹುದು. ತಡವಾದರೆ, ಹೆಚ್ಚಾದರೆ, ನನಗೆ ಮೊಣಕಾಲು ಸರಿಯಿಲ್ಲ ಅಕ್ಕಾ ಎಂದು ಯಾವ ಹುಡುಗಿಯಾದರೂ ಪಳನಿಯಮ್ಮನ ಕಿವಿಯಲ್ಲಿ ಹೇಳಿದರೆ, ಅವಳು ಅವತ್ತೇ ಯಾವ ಬಾಗಿಲು, ಯಾವ ಬೋರ್ಡು ಎಂದು ಹೇಳಿ ಕಳಿಸುತ್ತಾಳೆ. ಮೊದಲು ಬೋರ್ಡು ಓದು ಎಂದು ಬೈದು ಕಳಿಸುತ್ತಾಳೆ. ಮೊದಲಾಳಿ ದೀನದಯಾಳನ್‌ಗೆ ಮಾತ್ರ ಏನೂ ತಿಳಿದಿಲ್ಲ. ಇಷ್ಟು ಚಿಕ್ಕ ಹುಡುಗಿಯರಿಗೆಲ್ಲ ಮೊಣಕಾಲು ಹೋಗುತ್ತಿದೆಯಲ್ಲ ಎಂದು ನೂಲು ಸುತ್ತುವ ಕಡೆ ನಾಲ್ಕು ಸ್ಟೂಲು ಹಾಕಿಸಿದ್ದಾನೆ.

ನನ್ನ ರೇಷನ್ ಕಾರ್ಡಿನ ಕೆಲಸ ಇನ್ನೂ ಆಗಿಲ್ಲ. ಎರಡು ಸಲ ಹೊರಟೆ. ಒಂದು ಸಲ ಅತ್ತೆಯ ಇನ್ನೊಂದು ಕಣ್ಣು, ಇನ್ನೊಂದು ಸಲ ಪಕ್ಕದ ಬೀದಿಯ ನಿತ್ಯಾಳ ಮೊಣಕಾಲು. ನಮ್ಮವರ ಹೆಸರು ಅಲ್ಲೇ ಇದೆ. ಸುಳ್ಳು ಹೇಳಿ ಎಲ್ಲಿಗಾದರೂ ಹೋಗಬೇಕಾದರೆ ಬೇಕಾಗುತ್ತದೆ, ಇರಲಿ.